ಪಂದ್ಯಕ್ಕೂ ಸಂಗೀತ ಕಛೇರಿಗೂ ಮನಸ್ಸನ್ನು ಪಳಗಿಸುವ ಬಗೆ

ಮನೆಯಲ್ಲಿ ಪಿಟೀಲಿನ ಮೇಲೆ ತಪ್ಪಿಲ್ಲದೆ ನುಡಿಸಿದ ವರ್ಣ (ಕಛೇರಿಯ ಆರಂಭದಲ್ಲಿ ನುಡಿಸುವ ಕೃತಿ) ವೇದಿಕೆಯಲ್ಲಿ ಎಡವುವುದಕ್ಕೂ, ಅಭ್ಯಾಸದಲ್ಲಿ ಸಲೀಸಾಗಿ ಬೀಳುವ ಬ್ಯಾಡ್ಮಿಂಟನ್ ಸರ್ವ್ 20–20ರ ಸಮಬಲದ ಹಂತದಲ್ಲಿ ನೆಟ್‌ಗೆ ಬಡಿಯುವುದಕ್ಕೂ ಅನೇಕ ವೇಳೆ ಕಾರಣ ಒಂದೇ: ಕೈ ತಾನಾಗಿಯೇ ಮಾಡುತ್ತಿದ್ದ ಕೆಲಸಕ್ಕೆ ಹೆದರಿದ ಮನಸ್ಸು ಕಾವಲು ಕೂರುತ್ತದೆ. ಬರಿಯ ಧೈರ್ಯದ ಮಾತಿನಿಂದ ಇದು ಸರಿಹೋಗದು. ಬೆರಳುಗಳಿಗೆ ಜಂಟಿವರಸೆಯಂಥ ಆರಂಭದ ಸ್ವರಾಭ್ಯಾಸ ಕಲಿಸಿದಂತೆ ಮನಸ್ಸಿಗೂ ಪಾಠವಾಗಬೇಕು.

ಮೊದಲು, ಆರಂಭಕ್ಕೆ ಮುಂಚಿನ ಹತ್ತು ಹದಿನೈದು ಸೆಕೆಂಡುಗಳಿಗೆ ಒಂದು ಕ್ರಮವನ್ನು ಗೊತ್ತುಮಾಡಿಕೊಳ್ಳಿ. ಪಿಟೀಲು ವಾದಕರಾದರೆ ಶ್ರುತಿ ನೋಡಿ, ಭುಜ ಸಡಿಲಿಸಿ, ಉಸಿರನ್ನು ನಿಧಾನವಾಗಿ ಹೊರಬಿಟ್ಟು, ಪಲ್ಲವಿಯ ಮೊದಲ ಸಾಲನ್ನು ಮನಸ್ಸಿನಲ್ಲೇ ಹಾಡಿಕೊಂಡು ಕಾಲಪ್ರಮಾಣ (ಹಾಡಿನ ವೇಗ) ನಿಂತ ಮೇಲೆಯೇ ಕಮಾನು ಎತ್ತಬೇಕು; ಆತಂಕದಲ್ಲಿ ಮೊದಲು ಓಡುವುದು ಕಾಲವೇ. ಶಟಲ್ ಆಟಗಾರರು ರ‍್ಯಾಕೆಟ್ಟಿನ ತಂತಿಯತ್ತ ಕಣ್ಣಿಟ್ಟು, ಉಸಿರು ಬಿಟ್ಟು, ಸರ್ವ್ ಎಲ್ಲಿ ಬೀಳಬೇಕೆಂದು ನಿರ್ಧರಿಸಿ ಆಡಬಹುದು. ನಿತ್ಯದ ಅಭ್ಯಾಸದಲ್ಲಿಲ್ಲದೆ ಪಂದ್ಯದ ದಿನ ಮಾತ್ರ ಮಾಡಿದರೆ ಅದು ಬರಿಯ ಶಕುನ. ಮನಸ್ಸಿನಲ್ಲಿ ಹೇಳಿಕೊಳ್ಳುವ ಮಾತೂ ಮುಖ್ಯ: ‘ತಪ್ಪಬೇಡ’ ಎಂದರೆ ತಪ್ಪಿನತ್ತಲೇ ಗಮನ ಹೋಗುತ್ತದೆ, ‘ಕಮಾನು ಉದ್ದ’ ಎಂದರೆ ಕೈಗೆ ಕೆಲಸ ಸಿಗುತ್ತದೆ.

ಎರಡನೆಯದು ಕಲ್ಪನೆಯ ಅಭ್ಯಾಸ. ಕಣ್ಣು ಮುಚ್ಚಿ ಮಲಗಿ ಚಪ್ಪಾಳೆಯ ಕನಸು ಕಾಣುವುದು ಇದಲ್ಲ. 2001ರಲ್ಲಿ ಕ್ರೀಡಾ ಮನೋವಿಜ್ಞಾನಿಗಳಾದ ಹೋಮ್ಸ್ ಮತ್ತು ಕಾಲಿನ್ಸ್ ರೂಪಿಸಿದ ಪೆಟ್‌ಲೆಪ್ ಮಾದರಿಯ ಪ್ರಕಾರ ಭಂಗಿ, ಪರಿಸರ, ವೇಗ, ಭಾವನೆ ಎಲ್ಲವೂ ನಿಜದ ಪ್ರದರ್ಶನಕ್ಕೆ ಹತ್ತಿರವಿರಬೇಕು. ಆದ್ದರಿಂದ ವಾದ್ಯ ಹಿಡಿದು, ಚಕ್ಕಳಮಕ್ಕಳ ಕುಳಿತು, ಚಾಮರಾಜಪೇಟೆಯ ರಾಮನವಮಿ ಪೆಂಡಾಲಿನ ಮೈಕು, ನಡುವೆ ಎದ್ದುಹೋಗುವ ಶ್ರೋತೃಗಳು, ಹೊರಗಿನ ವಾಹನದ ಸದ್ದು ಇವೆಲ್ಲವನ್ನೂ ಕಲ್ಪಿಸಿಕೊಳ್ಳಿ. ನಾಲ್ಕು ನಿಮಿಷದ ವರ್ಣ ಮನಸ್ಸಿನಲ್ಲೂ ನಾಲ್ಕೇ ನಿಮಿಷ ಹಿಡಿಯಬೇಕು. ಒಮ್ಮೊಮ್ಮೆ ಎಡುಪು (ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ) ತಪ್ಪಿದಂತೆಯೂ, ತಾಳದ ಮುಂದಿನ ಆವರ್ತದಲ್ಲಿ ಸೇರಿಕೊಂಡಂತೆಯೂ ಕಲ್ಪಿಸಿಕೊಳ್ಳಿ.

ಬಳಿಕ ಒತ್ತಡವನ್ನೇ ಅಭ್ಯಾಸದೊಳಕ್ಕೆ ತನ್ನಿ. ಎರಡು ಮಹಡಿ ಹತ್ತಿಳಿದು, ಎದೆ ಡವಗುಟ್ಟುತ್ತಿರುವಾಗಲೇ ಕುಳಿತು ನುಡಿಸಿ, ಒಂದೇ ಬಾರಿಗೆ ಧ್ವನಿಮುದ್ರಿಸಿಕೊಳ್ಳಿ. ಆಟಗಾರರು ಗೇಮನ್ನು 18–20ರ ಹಿನ್ನಡೆಯಿಂದ ಆರಂಭಿಸಲಿ. ಎದೆಬಡಿತವನ್ನು ಪೂರ್ತಿ ಅಡಗಿಸುವುದು ಗುರಿಯಲ್ಲ. ಚೂರು ಬಿಸಿ ಇಲ್ಲದ ಆಟವೂ ಹಾಡೂ ಸಪ್ಪೆ. ಬಡಿತ ಮಿತಿಮೀರಿದರೆ ನಾಲ್ಕು ಎಣಿಕೆಗೆ ಉಸಿರೆಳೆದು ಆರು ಎಣಿಕೆಗೆ ಬಿಡುವುದನ್ನು ಎರಡು ನಿಮಿಷ ಮಾಡಿ.

ಸಿಲ್ಕ್ ಬೋರ್ಡಿನ ವಾಹನದಟ್ಟಣೆಯಲ್ಲಿ ಕಾರಿನಲ್ಲಿ ಕುಳಿತು ಮಗುವಿಗೆ ಹತ್ತು ಸಲಹೆ ಕೊಡುವ ತಂದೆತಾಯಂದಿರು ಪಂದ್ಯ ಅಥವಾ ಕಛೇರಿಯ ದಿನದ ಮಟ್ಟಿಗೆ ಸುಮ್ಮನಿದ್ದರೆ ದೊಡ್ಡ ಉಪಕಾರ. ಆದರೆ ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ ಈ ಕ್ರಮಗಳನ್ನು ನೆಚ್ಚಿ ಕೂರದೆ ನಿಮ್ಹಾನ್ಸ್‌ನಂಥ ಸಂಸ್ಥೆಯ ತಜ್ಞರನ್ನು ಕಾಣಬೇಕು.