ಬೆಲ್ಲದ ನೀರು, ಹಳೇ ಮ್ಯಾಸಿ

"ಟ್ರ್ಯಾಕ್ಟರಿಗೆ ಪಾನಕ ಕುಡಿಸ್ತಾವ್ನೆ" ಅಂತ ನಮ್ಮೂರಲ್ಲಿ ಒಂದು ವರ್ಷ ನಕ್ಕರು. ನಾನು ಮಾಡಿದ್ದು ಇಷ್ಟೆ, ಹಳೇ ಟ್ರ್ಯಾಕ್ಟರಿನ ತುಕ್ಕು ಹಿಡಿದ ತಗಡನ್ನು ಬೆಲ್ಲದ ನೀರಲ್ಲಿ ಮುಳುಗಿಸಿಟ್ಟು ತುಕ್ಕು ಬಿಡಿಸಿದ್ದು. ನಕ್ಕವರಲ್ಲಿ ನನ್ನ ಭಾಮೈದನೂ ಇದ್ದ, ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ಬಿಚ್ಚುತ್ತಿರುವ ಮೆಕ್ಯಾನಿಕ್ಕೂ ಇದ್ದರು. ಈಗ ಗಾಡಿ ತೋಟದಲ್ಲಿ ಓಡುತ್ತಿದೆ. ಬಾನೆಟ್, ಗ್ರಿಲ್, ಮಡ್‌ಗಾರ್ಡ್ ಎಲ್ಲ ಕಂಪನಿಯಿಂದ ಬಂದ ಹಳೇ ತಗಡೇ. ಹೊಸದು ಒಂದೂ ಹಾಕಿಲ್ಲ. ನಕ್ಕವರೂ ಓದಲಿ ಅಂತಲೇ ಬರೆಯುತ್ತಿದ್ದೇನೆ.

ಗಾಡಿ ಮ್ಯಾಸಿ ಫರ್ಗ್ಯೂಸನ್ 35, ಪರ್ಕಿನ್ಸ್ ಮೂರು ಸಿಲಿಂಡರಿನದು. ಇಲ್ಲಿ ಮ್ಯಾಸಿ ತಯಾರಿಸುವ ಚೆನ್ನೈನ ಟ್ಯಾಫೆ ಕಂಪನಿಯ ಪ್ಲೇಟ್ ಇದೆ. ಮಂಡ್ಯದ ಹತ್ತಿರ ಒಬ್ಬರ ಹಟ್ಟಿಯ ಹಿಂದೆ ಹನ್ನೊಂದು ವರ್ಷ ನಿಂತಿತ್ತು. ಸೀಟಿನ ಕೆಳಗೆ ಹುತ್ತ, ಸ್ಟೀರಿಂಗ್ ಮೇಲೆ ಸೌತೆ ಬಳ್ಳಿ. ಗುಜರಿಯವರು ತೂಕಕ್ಕೆ 48 ಸಾವಿರ ಹೇಳಿದ್ದರು. ನಾನು 55 ಕೊಟ್ಟೆ. ಜಾಸ್ತಿ ಕೊಟ್ಟೆ ಅಂತ ಗೊತ್ತು. ಆದರೆ ಮಾರನೇ ದಿನ ಗ್ಯಾಸ್ ಕಟರ್ ತರುತ್ತೇವೆ ಅಂದಿದ್ದರು, ಚೌಕಾಸಿಗೆ ಟೈಮ್ ಇರಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವನು. ಅಲ್ಲಿ ಪೈಸೆ ಪೈಸೆಗೂ ಲೆಕ್ಕ. ಆದರೆ ಈ ಗಾಡಿಯ ಖರ್ಚು ಎಲ್ಲೂ ಬರೆದಿಟ್ಟಿಲ್ಲ. ಬರೆದಿಟ್ಟರೆ ಮನೆಯವಳು ಓದುತ್ತಾಳೆ. ಹಾಗಾಗಿ ಕೆಳಗಿನ ಅಂಕಿಗಳೆಲ್ಲ ನೆನಪಿನವು, ಐನೂರೋ ಸಾವಿರವೋ ಆಚೀಚೆ ಇರಬಹುದು.

ಗದ್ದೆಯಲ್ಲಿ ದುಡಿದ ಗಾಡಿಗಳ ಗತಿ ನಿಮಗೆ ಗೊತ್ತೇ ಇದೆ. ಕೇಜ್ ವೀಲ್ ಅಂದರೆ ಕಬ್ಬಿಣದ ಪಟ್ಟಿಯ ಚಕ್ರ ಹಾಕಿ ಕೆಸರು ತುಳಿಸಿ ಹಾಗೇ ನಿಲ್ಲಿಸುತ್ತಾರೆ. ತೂಕಕ್ಕೆ ಅಂತ ಹಿಂದಿನ ಟೈರಿಗೆ ನೀರು ಬೇರೆ ತುಂಬಿಸುತ್ತಾರೆ. ವಾಲ್ವ್ ತೂತಿನ ಸುತ್ತ ರಿಮ್ ಹಪ್ಪಳದ ಹಾಗೆ ಎದ್ದಿತ್ತು. ಬಾನೆಟ್ಟಿನ ಒಳಗಡೆ ಪದರ ಪದರ ತುಕ್ಕು. ಮರಳು ಚಿಮ್ಮಿಸಿ ತುಕ್ಕು ತೆಗೆಯುವ ಸ್ಯಾಂಡ್ ಬ್ಲಾಸ್ಟಿಂಗಿಗೆ ಮೈಸೂರಿನಲ್ಲಿ ಒಂಬತ್ತು ಸಾವಿರ ಕೇಳಿದರು. ದುಡ್ಡಿಗಿಂತ ಹೆಚ್ಚಾಗಿ ನನಗೆ ಹೆದರಿಕೆ ಇದ್ದದ್ದು ತಗಡಿನ ಬಗ್ಗೆ. ಒಂದು ಕಡೆ ಕೈ ಸ್ವಲ್ಪ ಜಾಸ್ತಿ ಹೊತ್ತು ನಿಂತರೆ ಮರಳಿನ ಪೆಟ್ಟಿಗೆ ತಗಡು ಹಿಗ್ಗಿ ಬಾನೆಟ್ ಅಲೆ ಎದ್ದುಬಿಡುತ್ತದೆ. ಒಬ್ಬರದು ಹಾಗೆ ಆಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಹೊರದೇಶದ ಹಳೇ ಗಾಡಿ ಹುಚ್ಚಿನವರು ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕರೀ ಪಾಕ, ಬೆರೆಸಿದ ನೀರಲ್ಲಿ ಮುಳುಗಿಸಿ ತುಕ್ಕು ತೆಗೆಯುತ್ತಾರೆ ಅಂತ ಕೇಳಿದ್ದೆ. ನಮ್ಮಲ್ಲಿ ಕಾರ್ಖಾನೆ ಕಾಕಂಬಿ ಅಬಕಾರಿ ಲೆಕ್ಕದ ಸಾಮಾನು, ಕೊಡ ಹಿಡಿದು ಹೋದರೆ ಕೊಡುವುದಿಲ್ಲ. ಆದರೆ ಮಂಡ್ಯದಲ್ಲಿ ಹುಟ್ಟಿ ಆಲೆಮನೆ ಮರೆತರೆ ಆಗುತ್ತದಾ? ಮಳೆಗಾಲದಲ್ಲಿ ನೀರು ಬಿಟ್ಟ ಬೆಲ್ಲ, ಮಾರ್ಕೆಟ್ಟಿಗೆ ಹೋಗದ ಕರೀ ಬೆಲ್ಲ, ಅರ್ಧ ರೇಟಿಗೆ ಸಿಗುತ್ತದೆ. ಅರವತ್ತು ಕೆಜಿ ತಂದೆ. ಸಾವಿರದ ಮುನ್ನೂರು ಆಯಿತು.

ಮೊದಲ ಪೆಟ್ಟು ಅಲ್ಲೇ ಬಿತ್ತು. ಆಲೆಮನೆಯವನು ಮೂಲೆಯಲ್ಲಿ ಬಿದ್ದಿದ್ದ ಹಳೇ ಕೊಪ್ಪರಿಗೆ ತಗೊಂಡು ಹೋಗಿ ಅಂದ. ದೊಡ್ಡದು, ಬಾನೆಟ್ ಆರಾಮಾಗಿ ಮುಳುಗುತ್ತದೆ, ಬಾಡಿಗೆಯೂ ಇಲ್ಲ. ನಾನೂ ಖುಷಿಯಲ್ಲಿ ಅದರಲ್ಲೇ ಬೆಲ್ಲ ಕರಗಿಸಿದೆ. ಇಪ್ಪತ್ತು ದಿನ ಬಿಟ್ಟು ನೋಡಿದರೆ ಕೊಪ್ಪರಿಗೆ ಒಳಗೆಲ್ಲ ಪಳಪಳ. ಬಾನೆಟ್ ಇದ್ದ ಹಾಗೇ ಇದೆ! ಕೊಪ್ಪರಿಗೆಯೂ ಕಬ್ಬಿಣವೇ ಅಲ್ವಾ, ನೀರಿನ ಶಕ್ತಿಯೆಲ್ಲ ಅದರ ತುಕ್ಕು ತಿನ್ನುವುದಕ್ಕೇ ಖರ್ಚಾಗಿತ್ತು. ಆಲೆಮನೆಯವನಿಗೆ ಪುಕ್ಕಟೆ ಕೊಪ್ಪರಿಗೆ ತೊಳೆದುಕೊಟ್ಟ ಹಾಗಾಯಿತು. ಅವನು ಇವತ್ತಿಗೂ ಸಿಕ್ಕಾಗ "ಇನ್ನೊಂದೈತೆ, ತಗೊಂಡೋಗ್ತೀಯಾ ಅಣ್ಣ" ಅನ್ನುತ್ತಾನೆ.

ಆಮೇಲೆ ಸಾವಿರ ಲೀಟರಿನ ಹಳೇ ಪ್ಲಾಸ್ಟಿಕ್ ಟ್ಯಾಂಕ್ ಒಂದನ್ನು ಉದ್ದಕ್ಕೆ ಕುಯ್ದೆ. ಎರಡು ತೊಟ್ಟಿ ಆಯಿತು. ಹತ್ತು ಲೀಟರ್ ನೀರಿಗೆ ಹೆಚ್ಚುಕಡಿಮೆ ಒಂದೂವರೆ ಕೆಜಿ ಬೆಲ್ಲ. ಬಣ್ಣ, ಗ್ರೀಸ್ ಇದ್ದರೆ ಬೆಲ್ಲ ಏನೂ ಮಾಡುವುದಿಲ್ಲ, ಅವನ್ನು ಮೊದಲೇ ಕೆರೆದು ತೆಗೆಯಬೇಕು. ಈ ಕೆರೆಯುವ ಕೆಲಸಕ್ಕೇ ಎರಡು ಭಾನುವಾರ ಹೋಯಿತು. ತೊಟ್ಟಿಗೆ ಹಾಕಿದ ಐದಾರು ದಿನಕ್ಕೆ ನೊರೆ ಏಳುತ್ತದೆ, ಮೇಲೆ ಬೂಸ್ಟು ಕಟ್ಟುತ್ತದೆ. ವಾಸನೆ ಮಾತ್ರ ಕೇಳಬೇಡಿ. ಹಳಸಿದ ಹುಳಿ, ಸೇಂದಿ, ಸತ್ತ ಇಲಿ ಮೂರೂ ಸೇರಿದ ಹಾಗೆ. ನಮ್ಮ ಎಮ್ಮೆ ಒಂದು ಸಲ ಬಂದು ಮೂಸಿ, ಮುಖ ತಿರುಗಿಸಿ ಹೋಯಿತು. ಮೇಲೆ ಜಾಲರಿ ಕಟ್ಟಲೇಬೇಕು, ಮಕ್ಕಳು ಓಡಾಡುವ ಮನೆ ಆದರಂತೂ.

ಎರಡನೇ ಪೆಟ್ಟು ಮಡ್‌ಗಾರ್ಡಿನಲ್ಲಿ. ತೊಟ್ಟಿ ಸಾಲದೆ ಅರ್ಧ ಮುಳುಗಿಸಿ, ಆಮೇಲೆ ತಿರುಗಿಸಿ ಇನ್ನರ್ಧ ಮುಳುಗಿಸೋಣ ಅಂದುಕೊಂಡೆ. ನೀರಿನ ಮಟ್ಟ ನಿಂತ ಕಡೆ, ಬ್ಲೇಡಿನಲ್ಲಿ ಗೀರಿದ ಹಾಗೆ ಉದ್ದಕ್ಕೂ ಒಂದು ಗೆರೆ ತಿಂದುಹಾಕಿತ್ತು. ಪುಟ್ಟಿ ಮೆತ್ತಿ ಮುಚ್ಚಿದ್ದೇನೆ. ನಾನು ತೋರಿಸದಿದ್ದರೆ ಕಾಣುವುದಿಲ್ಲ, ಆದರೆ ನನ್ನ ಕಣ್ಣು ದಿನಾ ಅಲ್ಲಿಗೇ ಹೋಗುತ್ತದೆ. ಮುಳುಗಿಸಿದರೆ ಪೂರ್ತಿ ಮುಳುಗಿಸಿ, ಇಲ್ಲ ಬಿಡಿ.

ಮೂರನೆಯದು ಪೂರ್ತಿ ನನ್ನ ದಡ್ಡತನ. ಡೀಸೆಲ್ ಫಿಲ್ಟರಿನ ಹೆಡ್ ಅಲ್ಯೂಮಿನಿಯಂ ಅಂತ ಗೊತ್ತಿದ್ದೂ, ಇರಲಿ ನೋಡೋಣ ಅಂತ ಎಸೆದೆ. ವಾರ ಬಿಟ್ಟು ತೆಗೆದರೆ ಗೆದ್ದಲು ತಿಂದ ಹಾಗೆ ಗುಳಿ ಗುಳಿ. 1,800 ರೂಪಾಯಿ ಹೋಯಿತು. ಹಿತ್ತಾಳೆಗೆ ಏನೂ ಆಗಲಿಲ್ಲ. ಸ್ಪ್ರಿಂಗು, ಬೇರಿಂಗು ನಾನು ಹಾಕಿಲ್ಲ, ನೀವೂ ಹಾಕಬೇಡಿ. ಎರಕದ ಸಾಮಾನು ಜಾಸ್ತಿ ದಿನ ಬಿಟ್ಟರೆ ಮೇಲೆ ಮಸಿ ಕೂರುತ್ತದೆ, ಹತ್ತು ಹನ್ನೆರಡು ದಿನಕ್ಕೆ ತೆಗೆದುಬಿಡಿ.

ಬಾನೆಟ್ ಸರಿಯಾಗಿ ಬಂದದ್ದು ಏಪ್ರಿಲ್ ಬಿಸಿಲಲ್ಲಿ. ಆಗಸ್ಟಿನಲ್ಲಿ ಇಪ್ಪತ್ತೈದು ದಿನಕ್ಕೂ ಪೂರ್ತಿ ಬಿಡದ ತುಕ್ಕು ಬೇಸಿಗೆಯಲ್ಲಿ ಎರಡು ವಾರಕ್ಕೆ ಬಿಟ್ಟಿತು. ಪೈಪಿನಲ್ಲಿ ನೀರು ಹೊಡೆದರೆ ಕಪ್ಪು ಕೆಸರು ಇಳಿದು ಹೋಗಿ, ಕೆಳಗೆ ಬೂದು ಬಣ್ಣದ ಬರೀ ತಗಡು. ಒತ್ತಿದ ಅಂಚು, ವೆಲ್ಡಿಂಗಿನ ಚುಕ್ಕೆ ಎಲ್ಲ ಕಂಡವು. ಬ್ರಷ್ ಮುಟ್ಟಿಸಿಲ್ಲ. ಆ ದಿನ ಮೆಕ್ಯಾನಿಕ್ ಬಂದು ಬೆರಳಲ್ಲಿ ಉಜ್ಜಿ ನೋಡಿ, "ಆಸಿಡ್ ಹಾಕಿದ್ದೀರಾ ಸ್ವಾಮಿ, ಸುಳ್ಳು ಹೇಳ್ಬೇಡಿ" ಅಂದರು.

ಆದರೆ ತೊಳೆದ ಹದಿನೈದೇ ನಿಮಿಷಕ್ಕೆ ಅರಿಶಿನ ಬಳಿದ ಹಾಗೆ ಹೊಸ ತುಕ್ಕು ಹಿಡಿಯುತ್ತದೆ. ಮೊದಲ ಎರಡು ಸಲ ನನಗೂ ಹಿಡಿಯಿತು, ಕುಳಿತು ಅಳುವುದೊಂದು ಬಾಕಿ. ಈಗ ಕೊನೆಯ ತೊಳೆಯುವ ನೀರಿಗೆ ಒಂದು ಪದಾರ್ಥ ಹಾಕುತ್ತೇನೆ. ಅಡುಗೆಮನೆಯದ್ದೇ. ಯಾವುದು, ಎಷ್ಟು ಅಂತ ಇಲ್ಲಿ ಹೇಳುವುದಿಲ್ಲ, ಎರಡು ಸಲ ಕೆಲಸ ಹಾಳು ಮಾಡಿಕೊಂಡು ಕಲಿತದ್ದು. ಅದಾದ ಮೇಲೆ ಬಿಸಿಲಿಗಿಟ್ಟು, ನೀರೆಲ್ಲ ಒಣಗಿ ಬೆಚ್ಚಗಿರುವಾಗಲೇ ಪ್ರೈಮರ್ ಹೊಡೆದುಬಿಡಬೇಕು. ಮಧ್ಯೆ ಟೀ ಕುಡಿಯಲು ಹೋಗಬಾರದು.

ಬೇರೆಯವನ್ನೂ ನೋಡಿದ್ದೇನೆ. ಹುಣಸೆ ಹುಳಿ ಬೋಲ್ಟು ನಟ್ಟಿಗೆ ಚೆನ್ನಾಗಿದೆ, ಬಾನೆಟ್ಟಿಗೆ ಹಾಕಲು ಹೋದರೆ ಬೆಲ್ಲಕ್ಕಿಂತ ದುಬಾರಿ. ಬ್ಯಾಟರಿ ಚಾರ್ಜರ್ ಇಟ್ಟು ವಾಷಿಂಗ್ ಸೋಡಾ ನೀರಲ್ಲಿ ಕರೆಂಟ್ ಬಿಡುವುದು ಬೇಗ ಆಗುತ್ತದೆ, ಆದರೆ ಎದುರಿಗಿರುವ ಕಡೆ ಮಾತ್ರ ಬಿಡುತ್ತದೆ. ಗ್ರಿಲ್ಲಿನ ಒಳ ಮೂಲೆ ಹಾಗೇ ಉಳಿಯಿತು. ಅದಲ್ಲದೆ ರಾತ್ರಿ ಕರೆಂಟ್ ಹೋಗಿ ಬಂದಾಗ ಚಾರ್ಜರ್ ಸುಟ್ಟಿತು. ಬೆಲ್ಲಕ್ಕೆ ಕರೆಂಟ್ ಬೇಡ. ಬಣ್ಣ ಬಿಳಿಯಾಗಲಿ ಅಂತ ಹೈಡ್ರೋಸ್ ಪುಡಿ ಹಾಕಿದ ಬೆಲ್ಲಕ್ಕಿಂತ ಹಾಕದ ಕರೀ ಬೆಲ್ಲ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ನನ್ನ ಅಂದಾಜು. ಎರಡು ಬಕೆಟ್ ಪಕ್ಕಪಕ್ಕ ಇಟ್ಟು ನೋಡಿದ್ದು ಒಂದೇ ಸಲ, ಹಾಗಾಗಿ ಪಂದ್ಯ ಕಟ್ಟುವುದಿಲ್ಲ. ಇನ್ನೊಂದು ಹುಚ್ಚು ಮಾಡಿದೆ. ಎಂಜಿನ್ ಬಿಚ್ಚುವ ಮೊದಲು ರೇಡಿಯೇಟರ್ ತೆಗೆದು, ಬ್ಲಾಕಿನ ನೀರಿನ ಜಾಗಕ್ಕೂ ಬೆಲ್ಲದ ನೀರು ತುಂಬಿಸಿ ಎರಡು ವಾರ ಬಿಟ್ಟೆ. ಡ್ರೈನ್ ಬಿಚ್ಚಿದರೆ ಮೊದಲು ಏನೂ ಬರಲಿಲ್ಲ. ತಂತಿ ಹಾಕಿ ಕುಟ್ಟಿದ ಮೇಲೆ ಒಂದು ಬಕೆಟ್ ರಾಗಿ ಅಂಬಲಿಯಂಥದ್ದು ಬಂತು. ಈಗ ಮಧ್ಯಾಹ್ನದ ಬಿಸಿಲಲ್ಲಿ ಉತ್ತರೂ ಗಾಡಿ ಬಿಸಿಯಾಗುವುದಿಲ್ಲ.

ಎಂಜಿನ್ ಕಥೆ ನಿಮ್ಮೆಲ್ಲರದೂ ಒಂದೇ ತರ ಇರುತ್ತದೆ, ಬೇಗ ಮುಗಿಸುತ್ತೇನೆ. ಜಾಮ್ ಆಗಿತ್ತು. ಸೈಲೆನ್ಸರ್ ಬಾಯಿ ತೆರೆದೇ ಇತ್ತು. ಮಳೆ ನೀರು ಇಳಿದು, ಎಕ್ಸಾಸ್ಟ್ ವಾಲ್ವ್ ತೆರೆದಿದ್ದ ನಡುವಿನ ಸಿಲಿಂಡರಿನಲ್ಲಿ ನಿಂತಿತ್ತು. ಗಾಡಿಯ ಹಳೇ ಮಾಲೀಕ, ಆ ಪುಣ್ಯಾತ್ಮ, ಮೇಲೊಂದು ಕರಟ ಕವುಚಿದ್ದರೆ ನನಗೆ ಇಪ್ಪತ್ತು ಸಾವಿರ ಉಳಿಯುತ್ತಿತ್ತು. ಡೀಸೆಲ್ಲು, ಗೇರ್ ಆಯಿಲ್ಲು ಬಿಟ್ಟು ಮೂರು ವಾರ ಕಾದೆ, ಎರಡು ಪಿಸ್ಟನ್ ಬಿಟ್ಟವು, ನಡುವಿನದು ಒಡೆದೇ ಬಂತು. ಸಿಲಿಂಡರಿನ ಒಳಗಿನ ಕೊಳವೆ, ಅಂದರೆ ಲೈನರ್, ಒತ್ತಿ ತೆಗೆದು ಹೊಸದು ಕೂರಿಸಿ ಬೋರ್ ಮಾಡಿಕೊಟ್ಟವರು ಹಳಬರು. ಅವರ ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್‌ನದು. ಆ ಲೇತಿನ ಬೆಡ್ ಒರೆಸುತ್ತಾ ಅವರು ಮಾತಾಡುವುದನ್ನು ಕೇಳುವುದಕ್ಕೇ ಎರಡು ಸಲ ಜಾಸ್ತಿ ಹೋಗಿದ್ದೇನೆ.

ಡೀಸೆಲ್ ಪಂಪಿನಲ್ಲಿ ಮೋಸ ಹೋದೆ. ಒಂದು ಅಂಗಡಿಗೆ ಕ್ಯಾಲಿಬ್ರೇಷನ್ನಿಗೆ ಕೊಟ್ಟು 7,500 ತೆತ್ತೆ. ಹೊರಗೆ ಬಣ್ಣ ಹೊಡೆದುಕೊಟ್ಟಿದ್ದರು, ಒಳಗೆ ರಬ್ಬರ್ ಕೂಡ ಬದಲಾಯಿಸಿರಲಿಲ್ಲ. ಇನ್ನೊಂದು ಕಡೆ ಮತ್ತೆ 6,000. ಹೈಡ್ರಾಲಿಕ್ ಲಿಫ್ಟ್ ಏಳುತ್ತಿರಲಿಲ್ಲ. ಎಲ್ಲರೂ ಲಿಫ್ಟಿನ ಪಂಪ್ ಹೋಗಿದೆ ಅಂದರು. ಪಂಪ್ ಸರಿಯಾಗಿಯೇ ಇತ್ತು, ನಿಂತು ನಿಂತು ಕಂಟ್ರೋಲ್ ವಾಲ್ವ್ ಹಿಡಿದಿತ್ತು ಅಷ್ಟೆ. ಅದನ್ನು ಬಿಡಿಸಿದ ಬಗೆ ಇನ್ನೊಂದು ಸಲ ಹೇಳುತ್ತೇನೆ, ಅಥವಾ ಹೇಳದೆಯೂ ಇರಬಹುದು.

35ಕ್ಕೆ ಸಾಮಾನು ಸಿಗುವುದಿಲ್ಲ ಅಂತ ಹೆದರಿಸುತ್ತಾರೆ, ನಂಬಬೇಡಿ. ಆಮೇಲೆ ಬಂದ ಮ್ಯಾಸಿ 1035ರದ್ದು ಎಷ್ಟೋ ಕೂರುತ್ತದೆ. ನನಗೆ ಸಿಗದೆ ಒದ್ದಾಡಿದ್ದು ಬಾನೆಟ್ ಬ್ಯಾಡ್ಜ್ ಒಂದೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರು ಸಲ ಅಲೆದೆ, ಬಸ್ ಚಾರ್ಜು ಊಟ ಸೇರಿ ಬ್ಯಾಡ್ಜಿನ ಎರಡರಷ್ಟು ಖರ್ಚು. ಬಣ್ಣಕ್ಕೆ ಯಾವ ಕೆಂಪು ಅಂತ ಜಗಳ ಬೇಡ. ಟೂಲ್ ಬಾಕ್ಸ್ ಮುಚ್ಚಳದ ಒಳಗಡೆ ಬಿಸಿಲು ಕಾಣದ ಹಳೇ ಬಣ್ಣ ಇರುತ್ತದೆ, ಅದನ್ನೇ ಬಿಚ್ಚಿ ಅಂಗಡಿಗೆ ಒಯ್ದು ಮಿಕ್ಸ್ ಮಾಡಿಸಿ.

ಈಗ ಲೆಕ್ಕ. ಗಾಡಿ 55 ಸಾವಿರ, ಸಾಗಿಸಿದ್ದು ನಾಲ್ಕೂವರೆ. ಎಂಜಿನ್ ಕೆಲಸ ಕ್ರ್ಯಾಂಕ್ ಗ್ರೈಂಡಿಂಗ್ ಸೇರಿ 32 ಇರಬೇಕು. ಪಂಪು, ನಾಜಲ್ಲು 17. ಹಿಂದಿನ ಟೈರ್ ಜೋಡಿ 34, ಮುಂದಿನವು 8. ಕ್ಲಚ್ಚು, ಬ್ರೇಕು 11. ಬ್ಯಾಟರಿ, ವೈರಿಂಗ್, ಸೆಲ್ಫ್ ಮೋಟರ್ 13. ಬಣ್ಣ, ಪ್ರೈಮರ್ 12. ಒಂದು ರಿಮ್ಮಿಗೆ ವಾಲ್ವಿನ ಹತ್ತಿರ ತೇಪೆ ಹಾಕಿಸಿದ್ದು ಒಂದೂವರೆ. ಬೆಲ್ಲ ಎರಡು ಸಲದ್ದು ಸೇರಿ ಮೂರು ಸಾವಿರ ದಾಟಿಲ್ಲ. ಬಿಡಿಬಿಡಿ ಸಾಮಾನು, ಓಡಾಟ ಹಿಡಿದರೆ ಎರಡು ಲಕ್ಷದ ಮೇಲೆ ಹೋಗಿದೆ. ಮಾರಿದರೆ ಒಂದೂಕಾಲು ಬಂದರೆ ಹೆಚ್ಚು. ಆರ್‌ಸಿ ಕಳೆದುಹೋಗಿದೆ, ಹಾಗಾಗಿ ರಸ್ತೆಗೆ ಇಳಿಸುವುದಿಲ್ಲ. ನಮ್ಮ ಒಂದು ಎಕರೆ ತೆಂಗಿನ ತೋಟದೊಳಗೇ ಅದರ ರಾಜ್ಯ. ಆ ತೋಟಕ್ಕೆ ಬಾಡಿಗೆ ಟ್ರ್ಯಾಕ್ಟರ್ ಕರೆದರೆ ವರ್ಷಕ್ಕೆ ಆರೇಳು ಸಾವಿರದಲ್ಲಿ ಮುಗಿಯುತ್ತದೆ. ಭಾಮೈದ ಇದನ್ನು ಲೆಕ್ಕ ಹಾಕಿ, "ಭಾವ, ಮೂವತ್ತು ವರ್ಷಕ್ಕೆ ಬಾಡಿಗೆ ಮುಂಗಡ ಕೊಟ್ಟಂಗಾಯ್ತು" ಅಂದ. ಸರಿಯಾಗಿಯೇ ಹೇಳಿದ.

ಆದರೆ ಮೊದಲ ಸಲ ಸ್ಟಾರ್ಟ್ ಆದ ದಿನ ಅವನೇ ಪಕ್ಕದಲ್ಲಿದ್ದ. ಸಂಜೆ ಆರಾಗಿತ್ತು. ಡೀಸೆಲ್ ಪೈಪಿನೊಳಗಿನ ಏರ್ ತೆಗೆದು ತೆಗೆದು ಕೈಯೆಲ್ಲ ಡೀಸೆಲ್ಲು. ನಾಲ್ಕನೇ ಸಲ ಸೆಲ್ಫ್ ಹೊಡೆದಾಗ ಒಂದು ಸಿಲಿಂಡರ್ ಕೆಮ್ಮಿತು, ಆಮೇಲೆ ಎರಡು, ಬಿಳೀ ಹೊಗೆ ಕೊಟ್ಟಿಗೆ ತುಂಬ, ಆಮೇಲೆ ಮೂರೂ ಸೇರಿ ಆ ಮ್ಯಾಸಿಯ ಟಕಟಕ. ಚಿಕ್ಕಂದಿನಲ್ಲಿ ನಮ್ಮಪ್ಪನ ಜೊತೆ ಕಬ್ಬು ತುಂಬಿದ ಟ್ರೈಲರ್ ಮೇಲೆ ಕೂತು ಕಾರ್ಖಾನೆ ಗೇಟಿನಲ್ಲಿ ರಾತ್ರಿಯೆಲ್ಲ ಕಾಯುತ್ತಿದ್ದಾಗ ಕೇಳಿದ ಸದ್ದು ಅದೇ. ಭಾಮೈದ ಮಾತಾಡಲಿಲ್ಲ. ಹೋಗಿ ಮನೆಯಿಂದ ಊದುಬತ್ತಿ ತಂದ. ನಿಂಬೆಹಣ್ಣು ಮಾತ್ರ ಮರೆತಿದ್ದ.

ಮನೆಯವಳು ಹೊರಗೆ ಬಂದು ನೋಡಿ, "ಎಷ್ಟಾಯ್ತು ಇದಕ್ಕೆ?" ಅಂದಳು. ತೊಂಬತ್ತು ಅಂದೆ. ಬಾನೆಟ್ ಮೇಲೆ ಕೈಯಾಡಿಸಿ, ನಂಬಿದವಳ ಹಾಗೆ ಒಳಗೆ ಹೋದಳು.

ಹೋದ ತಿಂಗಳು ಮೆಕ್ಯಾನಿಕ್ ಒಂದು ಬಿ-275 ಟ್ರ್ಯಾಕ್ಟರಿನ ಗ್ರಿಲ್ ತಂದು ತೊಟ್ಟಿ ಪಕ್ಕ ಇಟ್ಟರು. ಯಾರದೋ ಗಿರಾಕಿಯದ್ದಂತೆ. "ಸುಮ್ನೆ ಇರ್ಲಿ, ನೋಡೋಣ" ಅಂದರು. ಮುಳುಗಿಸಿ ಹನ್ನೊಂದು ದಿನ ಆಯಿತು, ಭಾನುವಾರ ತೆಗೆಯಬೇಕು. ತೊಳೆಯುವಾಗ ಮಾತ್ರ ಅವರನ್ನು ಟೀ ತರಲು ಕಳಿಸುತ್ತೇನೆ.