ಮುಖ ನೋಡಿ ಮಣೆ ಹಾಕಬೇಡಿ: ಸೈಕಲ್ಲಿಗೆ ಕೇಬಲ್ ಸ್ಪೀಡೋಮೀಟರ್

ಬ್ಯಾಟರಿ ಬೇಡ, ಚಾರ್ಜು ಬೇಡ. ಚಕ್ರ ಉರುಳಿದರೆ ಮುಳ್ಳು ಏಳುತ್ತದೆ, ನಿಂತರೆ ಇಳಿಯುತ್ತದೆ. ಮೊಬೈಲಿನಲ್ಲೇ ವೇಗ ಕಾಣುವ ಈ ಕಾಲದಲ್ಲೂ ಕೇಬಲ್ ಸ್ಪೀಡೋಮೀಟರಿಗೆ ಗಿರಾಕಿಗಳಿದ್ದಾರೆ. ಹಳೇ ರಾಡ್ ಬ್ರೇಕ್ ಸೈಕಲ್ಲನ್ನು ಒರೆಸಿ ಹೊಳೆಯಿಸಿ ಇಟ್ಟುಕೊಂಡವರಂತೂ ಬೇರೇನನ್ನೂ ಹ್ಯಾಂಡಲ್ಲಿಗೆ ಕಟ್ಟುವುದಿಲ್ಲ. ಆದರೆ ಕೊಳ್ಳುವಾಗ ಎಲ್ಲರ ಕಣ್ಣೂ ಹೋಗುವುದು ಡಯಲ್ಲಿನ ಕ್ರೋಮ್ ಉಂಗುರದ ಮೇಲೆ. ಕೈಕೊಡುವುದು ಮಾತ್ರ ಹೆಚ್ಚಾಗಿ ಕೆಳಗಿನ ಎರಡು ಸಾಮಾನು: ಚಕ್ರದ ಪಕ್ಕ ಕೂರುವ ಗೇರ್ ಡಬ್ಬಿ ಮತ್ತು ಅಲ್ಲಿಂದ ಮೇಲೆ ಹತ್ತುವ ಕೇಬಲ್.

ಮೊದಲು ಚಕ್ರ ಅಳೆಯಿರಿ

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಆಗಬೇಕಾದ ಕೆಲಸ ಇದು. ಟೈರಿಗೆ ಸರಿಯಾಗಿ ಗಾಳಿ ಹೊಡೆಯಿರಿ. ವಾಲ್ವ್ ನೆಲಕ್ಕೆ ನೇರ ಬಂದಾಗ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸೀಟಿನ ಮೇಲೆ ಕೂತು ಚಕ್ರವನ್ನು ಒಂದು ಪೂರ್ತಿ ಸುತ್ತು ಉರುಳಿಸಿ, ವಾಲ್ವ್ ಮತ್ತೆ ಕೆಳಗೆ ಬಂದಲ್ಲಿ ಇನ್ನೊಂದು ಗುರುತು. ನಡುವಿನ ದೂರವೇ ಚಕ್ರದ ಸುತ್ತಳತೆ. 28 ಇಂಚಿನ ಸಾದಾ ಸೈಕಲ್ಲಿಗೆ ಅದು ಸುಮಾರು 2.2 ಮೀಟರ್, 26 ಇಂಚಿನದಕ್ಕೆ ಸುಮಾರು 2.05ರಿಂದ 2.07, ಮಕ್ಕಳ 20 ಇಂಚಿನದಕ್ಕೆ ಸುಮಾರು ಒಂದೂವರೆ. 700 ಅಂತ ಬರೆದ ಹೈಬ್ರಿಡ್ ಟೈರುಗಳು 2.2ರ ಹತ್ತಿರವೇ ಬರುತ್ತವೆ, 28ರ ಮೀಟರು ಅವಕ್ಕೆ ನಡೆಯುತ್ತದೆ.

ಈ ಮೀಟರಿಗೆ ವೇಗ ಗೊತ್ತಾಗುವುದಿಲ್ಲ, ಸುತ್ತು ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಡಯಲ್ಲಿನ ಮೇಲೋ ಗೇರ್ ಡಬ್ಬಿಯ ಬೆನ್ನಿಗೋ 26, 28 ಅಂತ ಅಚ್ಚಾಗಿರುವ ಅಂಕಿ ನಿಮ್ಮ ಚಕ್ರದ್ದೇ ಆಗಿರಬೇಕು. 28ರ ಮೀಟರನ್ನು 26ಕ್ಕೆ ಹಾಕಿದರೆ ಅದು 20 ಕಿ.ಮೀ. ತೋರಿಸುವಾಗ ನಿಮ್ಮ ನಿಜವಾದ ವೇಗ 19 ಕೂಡ ಇರುವುದಿಲ್ಲ. ಅದನ್ನೇ 20 ಇಂಚಿನ ಚಕ್ರಕ್ಕೆ ಕಟ್ಟಿದರೆ ಹದಿಮೂರೂವರೆಯಲ್ಲಿ ಹೋಗುವ ಹುಡುಗ 20ರಲ್ಲಿ ಹೋಗುತ್ತಿದ್ದೇನೆಂದು ಬೀಗಬಹುದು, ಅಷ್ಟೆ.

ಕೊಳ್ಳುವಾಗ

ಹೊಸದು ಹೆಚ್ಚಾಗಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹಳೆಯದಕ್ಕೆ ಬೆಂಗಳೂರಿನ ಚಿಕ್ಕಪೇಟೆ ಆಸುಪಾಸಿನ ಭಾನುವಾರದ ಬಜಾರು, ಹಳೇ ಸೈಕಲ್ ಶಾಪುಗಳ ಅಟ್ಟ. ಡಯಲ್, ಕೇಬಲ್, ಗೇರ್ ಡಬ್ಬಿ ಮೂರೂ ಒಂದೇ ಸೆಟ್ಟಿನವೇ ಎಂದು ಖಾತ್ರಿ ಮಾಡಿಕೊಳ್ಳಿ. ಬರೀ ಡಯಲ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಉಳಿದೆರಡನ್ನು ಹುಡುಕಿ ಚಪ್ಪಲಿ ಸವೆಸಬೇಕಾಗುತ್ತದೆ.

ಕೇಬಲ್ಲಿನ ತುದಿಯ ಚೌಕಾಕಾರದ ತಂತಿಯನ್ನು ಡಯಲ್ಲಿನ ಹಿಂದಿನ ತೂತಿಗೆ ಕೊಟ್ಟು ಹೆಬ್ಬೆರಳು ತೋರುಬೆರಳ ನಡುವೆ ಚುರುಕಾಗಿ ಹೊಸೆಯಿರಿ. ಮುಳ್ಳು ಎದ್ದು, ಬಿಟ್ಟ ಕೂಡಲೇ ಸೊನ್ನೆಗೆ ಮರಳಬೇಕು. ಅರ್ಧದಲ್ಲಿ ನಿಂತರೆ ಬೇಡ. ಹಳೇ ಇಂಗ್ಲಿಷ್ ಡಯಲ್ಲುಗಳು ಮೈಲಿಯವು ಎಂಬುದೂ ನೆನಪಿರಲಿ. ಅದರ 10 ಅಂದರೆ ನಮ್ಮ 16.

ಗುಜರಿಯಲ್ಲಿ ಸ್ಕೂಟರ್, ಮೋಟರ್‌ಬೈಕ್ ಮೀಟರುಗಳು ರಾಶಿ ಬಿದ್ದಿರುತ್ತವೆ, ಆಸೆಯಾಗುವುದು ಸಹಜ. ಅವುಗಳಲ್ಲಿ ಹಲವು ಕಿಲೋಮೀಟರಿಗೆ ಸಾವಿರದ ಆಸುಪಾಸು ಕೇಬಲ್ ಸುತ್ತಿಗೆ ಲೆಕ್ಕ ಹಾಕಿದವು. ಸೈಕಲ್ಲಿನ 28 ಇಂಚಿನ ಚಕ್ರ ಕಿಲೋಮೀಟರಿಗೆ ತಿರುಗುವುದು ಸುಮಾರು 450 ಸಲ. ನೇರವಾಗಿ ಜೋಡಿಸಿದರೆ ಅರ್ಧ ವೇಗವನ್ನೂ ತೋರಿಸುವುದಿಲ್ಲ.

ಇನ್ನು ನಿಮ್ಮ ಸೈಕಲ್ಲು ಇದಕ್ಕೆ ಒಗ್ಗುತ್ತದೆಯೇ ನೋಡಿ. ಡಬ್ಬಿ ಹಬ್ಬಿಗೂ (ಚಕ್ರದ ನಡುಗುಂಬ) ಫೋರ್ಕಿಗೂ ನಡುವೆ, ಅಚ್ಚಿನ (ಆಕ್ಸಲ್) ಮೇಲೆ ಕೂರುತ್ತದೆ. ಅಲ್ಲಿ ಹಲವು ಮಿಲಿಮೀಟರ್ ಜಾಗ ಬೇಕು, ಅಚ್ಚೂ ಅಷ್ಟು ಉದ್ದ ಇರಬೇಕು. ಥ್ರೂ ಆಕ್ಸಲ್, ಅಂದರೆ ಫೋರ್ಕಿನ ತೂತುಗಳ ಮೂಲಕವೇ ತೂರಿಸಿ ಬಿಗಿಯುವ ಅಚ್ಚು, ಇರುವ ಸೈಕಲ್ಲಿಗೆ ಆಗದ ಮಾತು. ಡಿಸ್ಕ್ ಬ್ರೇಕ್ ಇದ್ದರೆ ಎಡಭಾಗ ಡಿಸ್ಕಿಗೇ ಹೋಯಿತು, ಬಲಕ್ಕೆ ಹಾಕುವ ಡಬ್ಬಿಯೇ ಸಿಗಬೇಕು. ಸಾದಾ ಸೈಕಲ್ಲಿನ ಮುಂದಿನ ಅಚ್ಚು ಸುಮಾರು 8 ಮಿ.ಮೀ. ದಪ್ಪ, ಡಬ್ಬಿಯ ತೂತು ಅದಕ್ಕಿಂತ ದೊಡ್ಡದಿದ್ದರೆ ನಡುವೆ ಒಂದು ಬುಶ್ ಕೊಡಿಸಿ, ಇಲ್ಲದಿದ್ದರೆ ಡಬ್ಬಿ ಓಲಾಡಿ ಹಲ್ಲು ಸವೆಯುತ್ತದೆ.

ಡಬ್ಬಿ ಕೂರಿಸುವುದು

ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಬ್ರೇಕ್ ಸಡಿಲಿಸಿ, ನಟ್ಟಿಗೆ ಸರಿಯಾಗಿ ಕೂರುವ ಸ್ಪ್ಯಾನರಿನಿಂದ, ಹೆಚ್ಚಾಗಿ 14 ಇಲ್ಲವೇ 15, ಮುಂದಿನ ಚಕ್ರ ಕಳಚಿ. ಜೋಡಿಸುವ ಕ್ರಮ ಒಳಗಿನಿಂದ ಹೊರಕ್ಕೆ ಹೀಗೆ: ಹಬ್ಬಿನ ಲಾಕ್‌ನಟ್, ಗೇರ್ ಡಬ್ಬಿ, ಫೋರ್ಕಿನ ತುದಿ, ವಾಷರ್, ಹೊರನಟ್. ಡಬ್ಬಿಯಿಂದ ಚಾಚಿದ ನಾಲಿಗೆ ಚಕ್ರದ ಎರಡು ಕಡ್ಡಿಗಳ ನಡುವೆ ಹೋಗಬೇಕು. ಚಕ್ರ ತಿರುಗಿದಾಗ ಕಡ್ಡಿ ನಾಲಿಗೆಯನ್ನು ತಳ್ಳುತ್ತದೆ, ಒಳಗಿನ ಗೇರು ಕೇಬಲ್ಲನ್ನು ತಿರುಗಿಸುತ್ತದೆ. ಸಡಿಲ ಕಡ್ಡಿ ಇದ್ದರೆ ಮೊದಲು ಬಿಗಿ ಮಾಡಿಸಿ. ಇಲ್ಲವಾದರೆ ಪ್ರತಿ ಸುತ್ತಿಗೂ ಟಕ್ ಟಕ್ ಅನ್ನುತ್ತದೆ, ಕೊನೆಗೆ ನಾಲಿಗೆ ಬಾಗುತ್ತದೆ.

ಒಂದೇ ಬದಿಗೆ ಡಬ್ಬಿ ಬಂದಿದ್ದರಿಂದ ಚಕ್ರ ಇನ್ನೊಂದು ಬದಿಗೆ ಸರಿದು ಬ್ರೇಕ್ ಕಟ್ಟೆಗೆ ಉಜ್ಜುತ್ತದೆ. ಆಚೆ ಬದಿಗೂ ಅಷ್ಟೇ ದಪ್ಪದ ವಾಷರ್ ಕೊಟ್ಟರೆ ನಡುವಿಗೆ ಬರುತ್ತದೆ. ಕಬ್ಬಿಣದ ಫೋರ್ಕು ಕೆಲವು ಮಿಲಿಮೀಟರ್ ಅಗಲಕ್ಕೆ ಒಪ್ಪುತ್ತದೆ. ಅಲ್ಯೂಮಿನಿಯಂ, ಕಾರ್ಬನ್ ಫೋರ್ಕನ್ನು ಎಳೆದು ಅಗಲಿಸಬೇಡಿ. ಇಲ್ಲಿ ರಾಜಿ ಮಾಡಿಕೊಳ್ಳಲಾಗದ ಸಂಗತಿ ಒಂದೇ: ಹೊರನಟ್ಟಿನ ಎಲ್ಲ ಮರೆಗಳೂ (ಥ್ರೆಡ್) ಅಚ್ಚನ್ನು ಹಿಡಿದಿರಬೇಕು, ಅಚ್ಚಿನ ತುದಿ ನಟ್ಟಿನ ಮಟ್ಟಕ್ಕಾದರೂ ಬಂದಿರಬೇಕು. ಒಳಗೇ ಉಳಿದರೆ ಉದ್ದನೆಯ ಅಚ್ಚು ಹಾಕಿಸಿ, ಇಲ್ಲವೇ ಮೀಟರಿನ ಆಸೆ ಬಿಡಿ. ಮುಂದಿನ ಚಕ್ರ ಕಳಚಿಕೊಂಡರೆ ವೇಗ ಎಷ್ಟಿತ್ತೆಂದು ಯಾರೂ ಕೇಳುವುದಿಲ್ಲ.

ನಟ್ ಬಿಗಿಯುವಾಗ ಡಬ್ಬಿಯೂ ಜೊತೆಗೆ ತಿರುಗಲು ನೋಡುತ್ತದೆ. ಕೇಬಲ್ ಹೊರಡುವ ಮೂತಿ ಫೋರ್ಕಿನ ಕಾಲಿನ ಗುಂಟ ಮೇಲ್ಮುಖವಾಗಿರುವಂತೆ ಒಂದು ಕೈಯಲ್ಲಿ ಹಿಡಿದುಕೊಂಡೇ ಬಿಗಿಯಿರಿ. ಆಮೇಲೆ ಚಕ್ರ ತಿರುಗಿಸಿ ಬಿಡಿ. ಮೊದಲಿನಷ್ಟು ಹಗುರಾಗಿ ತಿರುಗದೆ ಬೇಗ ನಿಂತರೆ ಡಬ್ಬಿ ಓರೆಯಾಗಿ ಕೂತಿದೆ.

ಕೇಬಲ್ಲು

ತಾಳ್ಮೆ ಬೇಕಾದದ್ದು ಇಲ್ಲಿ. ಮೊದಲು ಒಂದು ದಾರವನ್ನು ಡಬ್ಬಿಯ ಮೂತಿಯಿಂದ ಡಯಲ್ ಕೂರುವ ಜಾಗದವರೆಗೆ ಹಿಡಿದು, ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಬಂದ ಅಳತೆಗೆ ನಾಲ್ಕೈದು ಸೆಂ.ಮೀ. ಸಡಿಲ ಸೇರಿಸಿ. ಸಸ್ಪೆನ್ಷನ್ ಫೋರ್ಕಾದರೆ ಅದು ಕುಸಿಯುವಷ್ಟು ಉದ್ದವನ್ನೂ ಸೇರಿಸಬೇಕು. ಕೇಬಲ್ ಎಲ್ಲೂ ಬಿಗಿ ತಿರುವಿನಲ್ಲಿ ಬಗ್ಗಬಾರದು. ಒಳತಂತಿ ಬಾಗಿದ ಕಡೆ ಸರಾಗ ತಿರುಗದೆ ತಡೆದು ತಡೆದು ಜಿಗಿಯುತ್ತದೆ, ಮೇಲೆ ಮುಳ್ಳು ಜ್ವರ ಬಂದಂತೆ ನಡುಗುತ್ತದೆ. ತುಂಡಾಗುವುದೂ ಅಲ್ಲೇ.

ಒಳತಂತಿಯನ್ನು ಪೂರ್ತಿ ಹೊರಗೆಳೆದು ಬಟ್ಟೆಯಲ್ಲಿ ಒರೆಸಿ. ಕಡಲೆಕಾಳಿನಷ್ಟು ಲಿಥಿಯಂ ಗ್ರೀಸನ್ನು ಬೆರಳಿಗೆ ತೆಗೆದುಕೊಂಡು ಕೆಳತುದಿಯಿಂದ ಮೇಲಕ್ಕೆ ತೆಳ್ಳಗೆ ಸವರುತ್ತ ಬನ್ನಿ, ಮೇಲಿನ ಒಂದು ಗೇಣು ಒಣಗಿಯೇ ಇರಲಿ. ಇದಕ್ಕೆ ಕಾರಣ ಡಯಲ್ಲಿನ ಒಳಗಿದೆ. ಕೇಬಲ್ಲು ಒಂದು ಪುಟ್ಟ ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ, ಅದಕ್ಕೆ ತಾಗದಂತೆ, ಅಲ್ಯೂಮಿನಿಯಂ ಬಟ್ಟಲು. ತಿರುಗುವ ಅಯಸ್ಕಾಂತ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ಅದನ್ನು ತನ್ನ ಜೊತೆ ಎಳೆಯಲು ನೋಡುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ. ಈ ಜಗ್ಗಾಟ ಎಲ್ಲಿ ಸಮವಾಗುತ್ತದೋ ಅಲ್ಲಿ ಮುಳ್ಳು. ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ತಿರುಗುವ ತಂತಿಯ ಗುಂಟ ಗ್ರೀಸು ಮೇಲೆ ಹತ್ತಿ ಆ ಸಂದಿಗೆ ಇಳಿಯಿತೆಂದರೆ ಅಯಸ್ಕಾಂತ ಬಟ್ಟಲಿಗೆ ಅಂಟಿ, ನೀವು ನಿಧಾನಕ್ಕೆ ತುಳಿದರೂ ಮುಳ್ಳು ಕೊನೆಯ ಅಂಕಿಗೆ ಹೋಗಿ ಬಡಿಯುತ್ತದೆ.

ಕೇಬಲ್ಲನ್ನು ಫೋರ್ಕಿನ ಕಾಲಿಗೆ ಎರಡು ಕಡೆ ಪ್ಲಾಸ್ಟಿಕ್ ಟ್ಯಾಗಿನಿಂದ ಕಟ್ಟಿ. ಟ್ಯಾಗನ್ನು ಕಚ್ಚಿ ಬಿಗಿಯಬೇಡಿ, ಕವಚ ಅದರೊಳಗೆ ಮೆಲ್ಲಗೆ ಜಾರುವಂತಿರಲಿ. ಒಳತಂತಿ ತುಂಡಾದರೆ ಬ್ರೇಕ್ ವೈರ್ ಹಾಕುವ ಸಾಹಸ ಬೇಡ. ಅದು ಎಳೆತಕ್ಕೆ ಮಾಡಿದ್ದು, ತಿರುಚಿದರೆ ಎಳೆ ಬಿಚ್ಚಿಕೊಳ್ಳುತ್ತದೆ. ತುಂಡಾದದ್ದನ್ನೇ ಹಿಡಿದುಕೊಂಡು ಜೆ.ಸಿ. ರಸ್ತೆಯ ಆಟೊ ಬಿಡಿಭಾಗಗಳ ಅಂಗಡಿಗಳಲ್ಲಿ ತುದಿಯ ಚೌಕ ಹೊಂದುವ ಸ್ಪೀಡೋಮೀಟರ್ ಕೇಬಲ್ ಕೇಳಿ.

ಡಯಲ್ ಮತ್ತು ಪರೀಕ್ಷೆ

ಡಯಲ್ಲಿನ ಪಟ್ಟಿಗೂ ಹ್ಯಾಂಡಲ್ಲಿಗೂ ನಡುವೆ ಹಳೇ ಟ್ಯೂಬಿನ ಒಂದು ತುಂಡು ಸುತ್ತಿ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಜಾರುವುದೂ ತಪ್ಪುತ್ತದೆ, ನಮ್ಮ ರಸ್ತೆಯ ಹಂಪು ಗುಂಡಿಗಳ ಪೆಟ್ಟೂ ತಗ್ಗುತ್ತದೆ. ಕೇಬಲ್ಲಿನ ಮೇಲಿನ ನಟ್ಟನ್ನು ಕೈಯಲ್ಲೇ ತಿರುಗಿಸಿ. ನಡುವೆ ತಡೆದರೆ ಒತ್ತಬೇಡಿ, ಚೌಕ ತಂತಿ ಚೌಕ ತೂತಿಗೆ ಇನ್ನೂ ಕೂತಿಲ್ಲ. ಚಕ್ರವನ್ನು ಒಂದಿಷ್ಟು ಅಲುಗಿಸಿದರೆ ತಾನೇ ಬೀಳುತ್ತದೆ.

ಚಕ್ರ ಎತ್ತಿ ಮುಂದಕ್ಕೆ ತಿರುಗಿಸಿ. ಮುಳ್ಳು ಏಳದೆ ಸೊನ್ನೆಯ ಗೂಟಕ್ಕೆ ಒತ್ತಿಕೊಂಡು, ದೂರದ ಅಂಕಿಗಳು ಹಿಂದಕ್ಕೆ ಓಡಿದರೆ ಡಬ್ಬಿ ತಪ್ಪು ಬದಿಗೆ ಬಂದಿದೆ ಎಂದರ್ಥ. ಸರಿಯಿದ್ದರೆ ಭಾನುವಾರ ಬೆಳಿಗ್ಗೆ ವಾಹನಗಳಿಲ್ಲದ ಕಬ್ಬನ್ ಪಾರ್ಕಿನ ಒಳರಸ್ತೆಯಲ್ಲಿ ಮೊಬೈಲಿನ ಜಿಪಿಎಸ್ ಜೊತೆ ವೇಗ ಹೋಲಿಸಿ. ದೂರಕ್ಕೆ ಊರಾಚೆಯ ಕಿಲೋಮೀಟರ್ ಕಲ್ಲುಗಳೇ ಸಾಕು, ಕನಿಷ್ಠ ಐದು ಕಲ್ಲು ದಾಟಿ ಲೆಕ್ಕ ಹಾಕಿ. ವೇಗ, ದೂರ ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ದೋಷ ಚಕ್ರದ ಅಳತೆಯದು. ದೂರ ಸರಿಯಿದ್ದು ವೇಗ ಮಾತ್ರ ಕಡಿಮೆ ತೋರಿಸಿದರೆ ಅಯಸ್ಕಾಂತ ಸೊರಗಿದೆ, ಹಳೇ ಮೀಟರುಗಳಲ್ಲಿ ಇದು ಸಾಮಾನ್ಯ. ಎರಡೂ ಸತ್ತಿದ್ದರೆ ಕೇಬಲ್ಲನ್ನು ಕಳಚಿ ನೋಡಿ. ಡಯಲ್ಲಿನ ಬುಡ ಕೀಚಲು ದನಿಯಲ್ಲಿ ಅತ್ತರೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಎರಡನೆಯದು ಬೇಡ.

ಮಳೆಗಾಲಕ್ಕೆ ಮುಂಚೆ ಒಮ್ಮೆ, ಅಕ್ಟೋಬರಿನ ಮಳೆ ನಿಂತ ಮೇಲೊಮ್ಮೆ ಒಳತಂತಿ ತೆಗೆದು ಒರೆಸಿ ಹೊಸ ಗ್ರೀಸು ಹಚ್ಚಿ. ಕೆಸರು ನೀರು ಸೇರುವುದು ಕೆಳಗಿನ ಮೂತಿಯಲ್ಲಿ, ತುಕ್ಕೂ ಅಲ್ಲಿಂದಲೇ ಶುರು. ವಾಟರ್ ಸರ್ವೀಸಿನವರ ಪೈಪು ಡಬ್ಬಿಯತ್ತ ತಿರುಗದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.