ಟಿ ಸೆಲ್‌ನಲ್ಲೂ ಐಜಿಕೆಸಿ ಕಾಣ್ತಿದ್ರೆ: ನನ್ನ ಅನುಭವ

ಟಾನ್ಸಿಲ್‌ದು ಸಿಂಗಲ್ ಸೆಲ್ ಡೇಟಾ, ಅಂದ್ರೆ ಒಂದೊಂದು ಸೆಲ್‌ನ ಒಂದೊಂದು ಹನಿಯಲ್ಲಿ (ಡ್ರಾಪ್ಲೆಟ್) ಹಿಡಿದು, ಯಾವ ಜೀನ್‌ನ ಆರ್‌ಎನ್‌ಎ ಎಷ್ಟಿದೆ ಅಂತ ಎಣಿಸಿದ್ದು (ಕೌಂಟ್). ಸಿಡಿ3 (ಟಿ ಸೆಲ್‌ನ ಗುರುತು) ಇರೋ ಟಿ ಸೆಲ್ ಕ್ಲಸ್ಟರ್‌ಗಳಲ್ಲೂ (ಒಂದೇ ಥರದ ಸೆಲ್‌ಗಳ ಗುಂಪು) ಐಜಿಕೆಸಿ, ಐಜಿಎಚ್‌ಜಿ1 ಬರ್ತಿತ್ತು, ಬಿ ಸೆಲ್, ಪ್ಲಾಸ್ಮಾ ಸೆಲ್ ಬಿಟ್ಟು ಇನ್ನೆಲ್ಲೂ ಇರಬಾರದ ಆಂಟಿಬಾಡಿ ಜೀನ್‌ಗಳವು.

ಮೈಟೊಕಾಂಡ್ರಿಯಾ ಆರ್‌ಎನ್‌ಎ ಜಾಸ್ತಿ ಇರೋ ಹಾಳಾದ ಸೆಲ್ ತೆಗೆಯೋ ಕಟಾಫ್‌ನ 10%ರಿಂದ 5%ಗೆ ಇಳಿಸಿದೆ, ಒಳ್ಳೆ ಸೆಲ್ಲೇ ಹೋದ್ವು. ಡಬ್ಲೆಟ್ (ಒಂದೇ ಹನಿಯಲ್ಲಿ ಎರಡು ಸೆಲ್) ತೆಗೆದೆ, ಒಂಚೂರೂ ಬದಲಾಗ್ಲಿಲ್ಲ. ಸ್ಯಾಂಪಲ್‌ಗಳ ನಡುವಿನ ವ್ಯತ್ಯಾಸ ಸರಿದೂಗಿಸೋ ಹಾರ್ಮನಿ ಟೂಲ್ ಹಾಕಿದ್ದಂತೂ ದಂಡ, ಅದು ಕೌಂಟ್ ಮುಟ್ಟೋದೇ ಇಲ್ಲ.

ಅದೇ ಟಾನ್ಸಿಲ್‌ನ ಸೆಕ್ಷನ್‌ಗೆ ಸಿಡಿ3, ಕಪ್ಪಾ (ಐಜಿಕೆಸಿಯಿಂದ ಆಗೋ ಆಂಟಿಬಾಡಿ ಭಾಗ) ಸ್ಟೇನ್ ಮಾಡಿ ನೋಡ್ದಾಗ ಟಿ ಸೆಲ್‌ಗಳು ಇರೋ ಟಿ ಝೋನ್‌ನಲ್ಲಿ ಸೆಲ್ ಒಳಗೆ ಕಪ್ಪಾ ಇಲ್ಲ, ಹೊರಗಡೆ ಸೀರಮ್‌ದು ತೆಳು ಹೊಗೆ ಥರ ಅಷ್ಟೇ. ಅಂದ್ರೆ ಒಡೆದ ಪ್ಲಾಸ್ಮಾ ಸೆಲ್‌ಗಳ ಆರ್‌ಎನ್‌ಎ ದ್ರವದಲ್ಲಿ ತೇಲಿ ಎಲ್ಲಾ ಡ್ರಾಪ್ಲೆಟ್‌ಗೂ ಸೇರಿದೆ.

ಸರಿಹೋಗಿದ್ದು ಹೀಗೆ ತೇಲಿ ಬಂದ ಆರ್‌ಎನ್‌ಎ (ಇದಕ್ಕೇ ‘ಸೂಪ್’ ಅನ್ನೋದು) ಕಳೆಯೋ ಸೂಪ್‌ಎಕ್ಸ್ ಅನ್ನೋ ಆರ್ ಪ್ಯಾಕೇಜ್‌ನಿಂದ, ಆದ್ರೆ ಆಟೋ ಅಂದಾಜಿನಲ್ಲಿ ಅಲ್ಲ, ಅದು ಕಂಟಾಮಿನೇಷನ್ 3% ಅಂತ ಹೇಳ್ತು, ಐಜಿಕೆಸಿ ಹಾಗೇ ಉಳೀತು. ಕೈಯಾರೆ ಮಾಡೋ ಕ್ರಮ ಹೀಗೆ: ಸ್ಯಾಂಪಲ್‌ಗಳನ್ನ ಒಟ್ಟು ಸೇರಿಸೋಕೆ (ಮರ್ಜ್), ಕೌಂಟ್‌ಗಳನ್ನ ನಾರ್ಮಲೈಸ್ ಮಾಡೋಕೆ ಮುಂಚೆ, ಒಂದೊಂದೇ ಸ್ಯಾಂಪಲ್‌ಗೆ, ಸೆಲ್ ರೇಂಜರ್‌ನ (ಸೀಕ್ವೆನ್ಸಿಂಗ್ ಡೇಟಾದಿಂದ ಕೌಂಟ್ ತೆಗೆಯೋ ಸಾಫ್ಟ್‌ವೇರ್) ಔಟ್ಸ್ ಫೋಲ್ಡರ್ ಪೂರ್ತಿ ಲೋಡ್ ಮಾಡಿ. ಫಿಲ್ಟರ್ಡ್ ಮ್ಯಾಟ್ರಿಕ್ಸ್ (ಸೆಲ್ ಇರೋ ಹನಿಗಳ ಕೌಂಟ್ ಮಾತ್ರ) ಒಂದೇ ಸಾಲಲ್ಲ, ರಾ ಮ್ಯಾಟ್ರಿಕ್ಸ್ (ಎಲ್ಲಾ ಹನಿಗಳದ್ದು) ಬೇಕೇ ಬೇಕು, ಯಾಕಂದ್ರೆ ಖಾಲಿ ಡ್ರಾಪ್ಲೆಟ್‌ಗಳಿಂದಾನೇ ಸೂಪ್ ಏನು ಅಂತ ಗೊತ್ತಾಗೋದು (ನಾನು ಜಾಗ ಉಳಿಸೋಕೆ ರಾ ಡಿಲೀಟ್ ಮಾಡಿದ್ದೆ, ಮತ್ತೆ ರನ್ ಮಾಡ್ಬೇಕಾಯ್ತು). ಕ್ಲಸ್ಟರ್ ಮಾಹಿತಿ ಇದೆಯಾ ನೋಡ್ಕೊಳ್ಳಿ. ನಾನ್‌ಎಕ್ಸ್‌ಪ್ರೆಸ್ಡ್ ಲಿಸ್ಟ್‌ಗೆ (ಬೇರೆ ಸೆಲ್‌ಗಳಲ್ಲಿ ಇರಬಾರದ ಜೀನ್‌ಗಳು) ಐಜಿಕೆಸಿ, ಐಜಿಎಚ್‌ಜಿ1, ಐಜಿಎಚ್‌ಎ1, ಐಜಿಎಚ್‌ಎಂ ಕೊಟ್ಟು, ಅವು ನಿಜವಾಗ್ಲೂ ಇಲ್ಲದ ಸೆಲ್‌ಗಳನ್ನ ಗುರುತಿಸೋ ಸ್ಟೆಪ್ ಮೊದಲು, ಆಮೇಲೆ ಕಂಟಾಮಿನೇಷನ್ ಲೆಕ್ಕ. ನಂಗೆ 11% ಬಂತು. ಕೊನೆಗೆ ಸೂಪ್ ಕಳೆಯೋ ಅಡ್ಜಸ್ಟ್ ಕೌಂಟ್ಸ್, ಪೂರ್ಣಾಂಕ ಮಾಡೋ ರೌಂಡ್ ಟು ಇಂಟ್ ಟ್ರೂ ಇಟ್ಟು, ಇಲ್ಲಾಂದ್ರೆ ದಶಮಾಂಶ ಬಂದು ಮುಂದಿನ ಟೂಲ್‌ಗಳು ಗೊಣಗ್ತವೆ.